ಕಣ್ಣು ತೆರೆಸುವ ಕೆಲಸ

ಹಾನಗಲ್ಲ
೯ ಜೂನ್ ೧೯೩೫

ತಮ್ಮ ಕುಬೇರಪ್ಪನಿಗೆ ಅಕ್ಕ ವೀರವ್ವನ ಆಶೀರ್ವಾದ, ಜೊತೆಗೆ ಮೂರು ಪ್ರಶ್ನೆ.

ನಿಮ್ಮ ಚಿತ್ರಕಲೆಯ ಸಾಲೆಯಲ್ಲಿ ಒಬ್ಬ ಮುದುಕನನ್ನು ಕಟ್ಟೆಯ ಮೇಲೆ ಕೂಡಿಸಿ, ಇಪ್ಪತ್ತು ಮಂದಿ ಸುತ್ತ ಕುಳಿತು ಅವನ ಚಿತ್ರ ಬರೆಯುತ್ತೀರಿ ಎಂದು ಹೋದ ಕಾಗದದಲ್ಲಿ ತಿಳಿಸಿದ್ದೀ. ಆ ಮುದುಕನಿಗೆ ಮೈ ತುರಿಸಿದರೆ ಏನು ಮಾಡುತ್ತಾನೆ? ಇಪ್ಪತ್ತು ಮಂದಿ ಬರೆದ ಮೇಲೆ ಇಪ್ಪತ್ತು ಮುದುಕರಾಗುತ್ತಾರೋ, ಒಬ್ಬನೇ ಆಗುತ್ತಾನೋ? ಮಂದಿ ಹಾಗೆ ದಿಟ್ಟಿಸಿ ನೋಡಿದರೆ ಅವನಿಗೆ ನಾಚಿಕೆ ಬರುವುದಿಲ್ಲವೇ? ನಿನ್ನೆ ಕಾಳು ಹಸನು ಮಾಡುತ್ತ ಇದನ್ನೇ ಯೋಚಿಸುತ್ತಿದ್ದೆ. ಅತ್ತೆಯವರು ನೋಡಿ, "ಯಾಕವಾ, ಹರಳ ಬಿಟ್ಟು ಕಾಳ ಆರಿಸಿ ಒಗ್ಯಾಕತ್ತೀಯಲ್ಲ" ಎಂದು ಬೈದರು.

ಇನ್ನು ನಾಲ್ಕನೆಯದು ಪ್ರಶ್ನೆಯಲ್ಲ, ಕೆಲಸ. ಈ ಲಕೋಟೆಯಲ್ಲಿ ಒಂದು ಫೋಟೊ ಇದೆ. ನಮ್ಮ ಮನೆಯವರದು. ಅವರು ಹೋಗಿ ಈ ಆಷಾಢಕ್ಕೆ ವರ್ಷವಾಗುತ್ತದೆ. ಬದುಕಿದ್ದಾಗಿನ ಫೋಟೊ ಒಂದೂ ಇಲ್ಲ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯವರು ಬಿಟ್ಟಿರಲಿಲ್ಲ. ಮೂವತ್ತೊಂದನೆಯ ವಯಸ್ಸಿಗೇ ಹೋದರು. ಮಣ್ಣಿಗೆ ಒಯ್ಯುವ ಮೊದಲು ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದ್ದರಲ್ಲ, ಆಗ ಹುಬ್ಬಳ್ಳಿಯ ಫೋಟೊದವನು ಬಂದು ತೆಗೆದದ್ದು ಇದು. ಇದನ್ನು ನೋಡಿ ಬಣ್ಣದಲ್ಲಿ ಒಂದು ಪಟ ಬರೆದುಕೊಡು. ಉಳಿದದ್ದೆಲ್ಲ ಇದ್ದ ಹಾಗೇ ಇರಲಿ. ಕಣ್ಣು ಮಾತ್ರ ತೆರೆಸು.

ಶಿಗ್ಗಾಂವಿಯಲ್ಲಿ ಬೋರ್ಡು ಬರೆಯುವವರು ಯಾರೋ ಹೀಗೆ ಮಾಡಿಕೊಡುತ್ತಾರಂತೆ. ಬೆನ್ನಿಗೆ ಬಿದ್ದ ತಮ್ಮನೇ ಚಿತ್ರಗಾರನಿರುವಾಗ ಕಂಡವರ ಕೈಗೆ ಯಾಕೆ ಕೊಡಲಿ?

ದಾರಿ ನೋಡುತ್ತಿರುವ
ವೀರವ್ವ


ಮುಂಬಯಿ
೨ ಜುಲೈ ೧೯೩೫

ಅಕ್ಕನಿಗೆ ಕುಬೇರಪ್ಪನ ಶರಣು.

ಮುದುಕನಿಗೆ ತುರಿಸಿದರೆ ಮಾಸ್ತರರ ಮುಖ ನೋಡುತ್ತಾನೆ, ಅವರು ತಲೆಯಾಡಿಸಿದರೆ ತುರಿಸಿಕೊಳ್ಳುತ್ತಾನೆ. ಮುದುಕರು ಇಪ್ಪತ್ತೇ ಆಗುತ್ತಾರೆ. ಅವರಲ್ಲಿ ನನ್ನ ಮುದುಕ ಮೂರನೆಯ ನಂಬರು ಬಂದ. ನಾಚಿಕೆಯ ಮಾತನ್ನು ಅವನನ್ನೇ ಕೇಳಿದೆ. ಮೊದಲ ವಾರ ನಾಚಿಕೆ ಬಂತು, ಆಮೇಲೆ ನಿದ್ದೆ ಬರತೊಡಗಿತು ಎಂದ.

ಮಾಮಾನ ಫೋಟೊ ಮೂರು ದಿನ ಎದುರಿಗೆ ಇಟ್ಟುಕೊಂಡಿದ್ದೆ. ಅಕ್ಕ, ಸಿಟ್ಟಾಗಬೇಡ, ಇದು ನನ್ನಿಂದ ಆಗುವ ಕೆಲಸವಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಿರಿ, ಕಾಣದ್ದನ್ನು ಊಹಿಸಿ ಬರೆದರೆ ಅದು ಚಿತ್ರವಲ್ಲ, ಸುಳ್ಳು ಎಂದು ಮಾಸ್ತರರು ದಿನಾ ಹೇಳುತ್ತಾರೆ. ಶಿಗ್ಗಾಂವಿಯವರು ಮಾಡುವುದು ಬೋರ್ಡಿನ ಕೆಲಸ. ನಾನು ಇಲ್ಲಿ ಕಲಿಯುತ್ತಿರುವುದು ಕಲೆ. ನೆನಪಿನಿಂದಾದರೂ ಬರೆಯೋಣವೆಂದರೆ ನನ್ನ ನೆನಪಿನಲ್ಲಿ ಮಾಮಾನ ರುಮಾಲಿನ ಮಡಿಕೆ ಇವೆ, ಕೋಟಿನ ಗುಂಡಿ ಇವೆ, ಕಣ್ಣಿಲ್ಲ. ನಿಮ್ಮ ಲಗ್ನದಲ್ಲಿ ನಾನು ಹನ್ನೊಂದು ವರ್ಷದವನು. ಆಮೇಲೆ ನಿಮ್ಮ ಮನೆಗೆ ಬಂದಾಗಲೂ ಅವರು ಪಡಸಾಲೆಯಲ್ಲಿ, ನಾನು ನಿನ್ನ ಹಿಂದೆ ಅಡಿಗೆಮನೆಯಲ್ಲಿ.

ಆದರೂ ನೀನು ಹೇಳಿದರೆ ಒಂದು ಕೈ ನೋಡುತ್ತೇನೆ. ಕಣ್ಣು ದೊಡ್ಡವೋ ಸಣ್ಣವೋ, ಕಪ್ಪೋ ಕಂದೋ, ರೆಪ್ಪೆ ಭಾರವಾಗಿದ್ದವೋ, ನಕ್ಕರೆ ಅಂಚಿನಲ್ಲಿ ಗೆರೆ ಬೀಳುತ್ತಿದ್ದವೋ, ಎಲ್ಲ ಬರೆದು ಕಳಿಸು. ಎಂಟು ವರ್ಷ ಸಂಸಾರ ಮಾಡಿದವಳು ನೀನು. ನಿನಗಿಂತ ಹೆಚ್ಚು ಯಾರಿಗೆ ಗೊತ್ತು?

ನಿನ್ನ ತಮ್ಮ
ಕುಬೇರಪ್ಪ


ಹಾನಗಲ್ಲ
೨೮ ಜುಲೈ ೧೯೩೫

ಕುಬೇರನಿಗೆ ಆಶೀರ್ವಾದ.

ನನಗೆ ಗೊತ್ತಿಲ್ಲ.

ನಗಬೇಡ. ನಿನ್ನ ಕಾಗದ ಓದಿ ನಾನೇ ಬೆಪ್ಪಾಗಿ ಕುಳಿತೆ. ಹಗಲೆಲ್ಲ ಮನೆತುಂಬ ಹಿರಿಯರು. ನಮ್ಮ ಮನೆಯವರ ಹೆಜ್ಜೆ ಕೇಳಿದರೆ ಸಾಕು, ನನ್ನ ಸೆರಗು ಹುಬ್ಬಿನವರೆಗೆ ಇಳಿಯುತ್ತಿತ್ತು. ಬಡಿಸುವಾಗ ನನ್ನ ಕಣ್ಣು ಗಂಗಾಳದ ಮೇಲೆ. ದೀಪ ಆರಿದ ಮೇಲೆ ಕೋಣೆಗೆ ಹೋಗುವುದು, ಬೆಳಕು ಹರಿಯುವ ಮೊದಲು ಎದ್ದು ಬರುವುದು. ಅವರ ಪಾದ ಕೇಳು, ಹೇಳುತ್ತೇನೆ. ಕೆಮ್ಮು ಕೇಳು, ಹತ್ತು ಮಂದಿಯ ಕೆಮ್ಮಿನಲ್ಲಿ ಆರಿಸಿ ಕೊಡುತ್ತೇನೆ. ಕಣ್ಣು ಕೇಳಬೇಡ.

ಇಂಥವಳು ನಾನೊಬ್ಬಳೇ ಇರಬೇಕು ಎಂದು ಬಾವಿಯ ಹತ್ತಿರ ನೆರೆಮನೆಯ ಸರೋಜವ್ವನನ್ನು ಕೇಳಿದೆ, ನಿನ್ನ ಗಂಡನ ಕಣ್ಣು ಯಾವ ಬಣ್ಣ ಎಂದು. ಕೊಡ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದಳು. "ಕರೀವ ಇರಬೇಕ ನೋಡು. ತಡಿ, ಇವತ್ತ ಹೋಗಿ ನೋಡಿ ನಾಳಿಗೆ ಹೇಳ್ತೇನಿ" ಎಂದಳು. ಮಾರನೆಯ ದಿನ ಕೇಳಿದರೆ, ನೋಡಲಾಗಲಿಲ್ಲವಂತೆ. ಅತ್ತೆಯವರನ್ನು ಕೇಳಿದರೆ, "ಕಣ್ಣ ಕಣ್ಣಿನಂಗಿದ್ದುವು. ಮತ್ತ ಹೆಂಗಿರ್ತಾವು" ಎಂದರು. ಹೆತ್ತವರಿಗೂ ಗೊತ್ತಿಲ್ಲ ಎಂದರೆ ನೋಡು.

ನಾನು ಅವರ ಮುಖವನ್ನು ಪೂರ್ತಿ ನೋಡಿದ್ದು ಆ ಫೋಟೊ ತೆಗೆದ ದಿನ ಮಾತ್ರ. ಅವತ್ತು ಯಾರೂ ಸೆರಗಿನ ಮಾತು ಎತ್ತಲಿಲ್ಲ. ಕಣ್ಣು ತುಂಬ ನೋಡಿದೆ. ಆದರೆ ಅವು ಮುಚ್ಚಿದ್ದವು.

ಒಂದು ಮಾತು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನಾನು ನೋಡದಿರಲು ಸೆರಗು ಕಾರಣ. ಅವರಿಗೆ ಸೆರಗಿರಲಿಲ್ಲವಲ್ಲ, ಅವರು ಯಾಕೆ ನೋಡಲಿಲ್ಲ? ಎದುರಿಗೆ ಬಂದರೆ ಅವರ ತಲೆ ಆ ಕಡೆ ಹೊರಳುತ್ತಿದ್ದುದು ಸೆರಗಿನ ಸಂದಿಯಿಂದಲೇ ನನಗೆ ತಿಳಿಯುತ್ತಿತ್ತು. ನನಗೆ ಸಣ್ಣವಳಿದ್ದಾಗ ಮೈಲಿ ಬಂದದ್ದು ನಿನಗೆ ಗೊತ್ತು, ಮುಖದ ತುಂಬ ಕಲೆ. ನೋಡುವಂಥ ಮುಖವಲ್ಲ ಎಂದು ಬಿಟ್ಟರೋ ಏನೋ. ಇದೊಂದು ನನ್ನ ಎದೆಯಲ್ಲಿ ಮುಳ್ಳಿನಂತೆ ಕುಳಿತಿದೆ. ಕಣ್ಣು ತೆರೆದರೆ ಅವುಗಳಲ್ಲಿ ಏನಿತ್ತು ಎಂದು ಕಂಡೀತು. ಅದಕ್ಕೇ ಕೇಳಿದ್ದು, ಗೋಡೆಗೆ ಚೆಂದ ಕಾಣಲಿ ಎಂದಲ್ಲ.

ಅಕ್ಕ
ವೀರವ್ವ


ಮುಂಬಯಿ
೧೬ ಅಕ್ಟೋಬರ್ ೧೯೩೮

ಅಕ್ಕನಿಗೆ ಶರಣು.

ಅಪ್ಪ ತೀರಿಕೊಂಡ ಮೇಲೆ ನಾನು ಸಾಲೆ ಬಿಟ್ಟದ್ದು ನಿನಗೆ ಗೊತ್ತು. ಆಗಿನಿಂದ ಒಂದು ಕಲ್ಲಿನ ಛಾಪಖಾನೆಯಲ್ಲಿದ್ದೇನೆ. ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ನುಣುಪಾದ ಚಪ್ಪಟೆ ಕಲ್ಲಿನ ಮೇಲೆ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ಬರೆಯುತ್ತೇವೆ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಬ್ಬ ಲಕ್ಷ್ಮಿಗೆ ಒಂಬತ್ತು ಕಲ್ಲು. ಒಂದರ ಮೇಲೊಂದು ಒತ್ತಿದರೆ ಕ್ಯಾಲೆಂಡರಿನ ಲಕ್ಷ್ಮಿ ಹೊರಗೆ ಬರುತ್ತಾಳೆ, ದಿನಕ್ಕೆ ಸಾವಿರ ಮಂದಿ. ನಮ್ಮಲ್ಲಿ ಒಬ್ಬನು ಆಭರಣ ಬರೆಯುತ್ತಾನೆ, ಇನ್ನೊಬ್ಬನು ಸೀರೆಯ ಜರಿ, ಮತ್ತೊಬ್ಬನು ಮೋಡ ಮತ್ತು ಕಮಲ. ನನ್ನ ಪಾಲಿಗೆ ಕಣ್ಣು. ಮೂರು ವರ್ಷದಿಂದ ಕಣ್ಣು ಬಿಟ್ಟು ಬೇರೇನೂ ಬರೆದಿಲ್ಲ.

ಸಾಲೆಯಲ್ಲಿದ್ದಾಗ ನಿನಗೆ ದೊಡ್ಡ ಮಾತು ಆಡಿದ್ದೆ. ಈಗ ಗೊತ್ತಾಗಿದೆ, ಕಣ್ಣು ತೆರೆಸುವುದು ಕಲಿತರೆ ಬರುವ ಕೆಲಸ. ಮೀನಿನ ಆಕಾರ, ಮೇಲಿನ ರೆಪ್ಪೆಗೆ ದಪ್ಪ ಗೆರೆ, ಪಾಪೆಯ ಮೇಲೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಸರಿಯಾದ ಜಾಗದಲ್ಲಿ ಬಿದ್ದರೆ ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ನಿನ್ನನ್ನೇ ನೋಡಿದ ಹಾಗಿರುತ್ತದೆ. ನಿನಗೆ ಬೇಕಾದದ್ದು ಅದೇ ಅಲ್ಲವೇ?

ಮಾಮಾನ ಪಟ ಬರೆದು ನಿನ್ನೆ ರೈಲಿಗೆ ಹಾಕಿದ್ದೇನೆ. ಮುಟ್ಟಿದ ಕೂಡಲೇ ಬರೆ. ಮೂಲ ಫೋಟೊ ನನ್ನ ಹತ್ತಿರ ಜೋಪಾನವಾಗಿದೆ.

ನಿನ್ನ ಮಾತು ಮರೆಯದ
ಕುಬೇರಪ್ಪ


ಹಾನಗಲ್ಲ
೪ ಡಿಸೆಂಬರ್ ೧೯೩೮

ಕುಬೇರನಿಗೆ ಆಶೀರ್ವಾದ.

ಪಟ ಮುಟ್ಟಿತು. ಅತ್ತೆಯವರು ನೋಡಿದವರೇ ಅತ್ತರು, "ನನ್ನ ಮಗಾ ಎದ್ದು ಬಂದ" ಎಂದರು, ಪಡಸಾಲೆಯ ನಡುಗೋಡೆಗೆ ಹಾಕಿಸಿ ದಿನಾ ಹೂ ಏರಿಸುತ್ತಿದ್ದಾರೆ. ಊರ ಮಂದಿ ಬಂದು ನೋಡಿ ಹೋಗುತ್ತಿದ್ದಾರೆ. ನಿನಗೆ ಇಲ್ಲಿ ಬಹಳ ಹೆಸರು ಬಂದಿದೆ.

ಮೊದಲ ದಿನ ನನಗೂ ಹೌದೆನಿಸಿತು. ಅಡಿಗೆಮನೆಗೆ ಹೋದರೂ ನೋಡುತ್ತಿದ್ದರು, ಬಾಗಿಲಿಗೆ ಬಂದರೂ ನೋಡುತ್ತಿದ್ದರು. ಆದರೆ ಈ ಕಣ್ಣು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಎರಡು ದಿನ ತಲೆ ತಿಂದಿತು. ಮೂರನೆಯ ದಿನ ಪೇಟೆಯಲ್ಲಿ ಪರಮೇಶಪ್ಪನವರ ಅಂಗಡಿಗೆ ಹೋದಾಗ ಸಿಕ್ಕಿತು. ಅಲ್ಲಿ ತಲೆಗೆ ಹಚ್ಚುವ ಎಣ್ಣೆಯ ಕ್ಯಾಲೆಂಡರು ನೇತು ಹಾಕಿದ್ದಾರೆ. ಕೊಳಲು ಹಿಡಿದ ಕೃಷ್ಣ. ಅದೇ ಮೀನು, ಅದೇ ಗೆರೆ, ಅದೇ ಚುಕ್ಕೆ. ಅಂಗಡಿಗೆ ಬಂದ ಎಲ್ಲರನ್ನೂ ಅವನು ಹಾಗೇ ನೋಡುತ್ತಿದ್ದ.

ಅಲ್ಲೋ ಕುಬೇರ, ಎಂಟು ವರ್ಷ ನನ್ನತ್ತ ತಿರುಗದವರು ಈಗ ಕೋಣೆಯ ಮೂಲೆ ಮೂಲೆಗೂ ತಿರುಗಿ ನೋಡುತ್ತಾರೆ, ಎಣ್ಣೆ ಕೊಳ್ಳಿ ಎನ್ನುವ ಹಾಗೆ. ನನ್ನನ್ನು ಇಷ್ಟು ದಡ್ಡಿ ಎಂದು ತಿಳಿದೆಯಾ? ನನ್ನಿಂದ ಆಗದು ಎಂದಿದ್ದೆಯಲ್ಲ, ಆ ಮಾತೇ ನನಗೆ ಚೆನ್ನಾಗಿತ್ತು. ಫೋಟೊ ತಿರುಗಿ ಕಳಿಸು.

ವೀರವ್ವ


ಮುಂಬಯಿ
೧೯ ಮಾರ್ಚ್ ೧೯೪೧

ಅಕ್ಕನಿಗೆ ಶರಣು.

ಎರಡು ವರ್ಷದ ಮೇಲಾಯಿತು ಬರೆದು. ಸಿಟ್ಟಿನಿಂದಲ್ಲ. ನಿನ್ನ ಕಾಗದ ಖರೇ ಇತ್ತು, ಅದಕ್ಕೆ ಉತ್ತರ ಬರೆಯುವ ಮುಖ ನನಗಿರಲಿಲ್ಲ.

ಛಾಪಖಾನೆ ಬಿಟ್ಟು ಸಿನೆಮಾದ ದೊಡ್ಡ ಬ್ಯಾನರು ಬರೆಯುವವರ ಹತ್ತಿರ ಸೇರಿದ್ದೇನೆ. ಅಲ್ಲಿಯೂ ನನಗೆ ಕಣ್ಣೇ ಕೊಟ್ಟರು. ಒಂದೊಂದು ಕಣ್ಣು ನಿಮ್ಮ ತಲಬಾಗಿಲಿನಷ್ಟು. ಏಣಿಯ ಮೇಲೆ ನಿಂತು ಬರೆಯುತ್ತೇನೆ; ಅಷ್ಟು ಹತ್ತಿರದಿಂದ ಅದು ಕಣ್ಣೆಂದು ತಿಳಿಯುವುದೇ ಇಲ್ಲ, ಕರಿ ಬಣ್ಣದ ಹೊಲದಲ್ಲಿ ನಿಂತ ಹಾಗಿರುತ್ತದೆ. ಕೆಳಗಿನಿಂದ ಒಬ್ಬ ಕೂಗಿ ಹೇಳುತ್ತಾನೆ, ಇನ್ನಷ್ಟು ಅಳು ಹಾಕು, ಇನ್ನಷ್ಟು ಸಿಟ್ಟು ಹಾಕು ಎಂದು. ಹಾಕುತ್ತೇನೆ.

ಫೋಟೊ ಕಳಿಸುವುದಿಲ್ಲ. ರವಿವಾರ ರಜೆ ಇದ್ದಾಗ ಮಾಮಾನನ್ನು ಬರೆಯುತ್ತೇನೆ. ಹನ್ನೊಂದು ಸಲ ಬರೆದು ಹನ್ನೊಂದು ಸಲ ಕೆರೆದು ತೆಗೆದಿದ್ದೇನೆ. ಮೂಗು, ಗದ್ದ, ಮೀಸೆ ಎಲ್ಲ ಮಾಮಾನವೇ ಬರುತ್ತವೆ. ಕಣ್ಣಿಗೆ ಬಂದೊಡನೆ ಕೈ ತಾನೇ ಚುಕ್ಕೆ ಇಟ್ಟುಬಿಡುತ್ತದೆ. ಒಂದು ಕಾಲಕ್ಕೆ ಇಪ್ಪತ್ತರಲ್ಲಿ ಮೂರನೆಯ ನಂಬರು ಬಂದ ಕೈ ಇದು. ನನಗೆ ಹೆದರಿಕೆಯಾಗಿದೆ ಅಕ್ಕ. ಇನ್ನೊಂದು ಮುಖವನ್ನು ಅದರದೇ ಮುಖವಾಗಿ ಬರೆಯಲು ನನಗೆ ಎಂದಾದರೂ ಬಂದೀತೇ ಎಂದು.

ಕುಬೇರಪ್ಪ


ಹಾನಗಲ್ಲ
೧೦ ಏಪ್ರಿಲ್ ೧೯೪೧

ಕುಬೇರನಿಗೆ,

ಕಾರ್ಡಿನಲ್ಲಿ ಜಾಗವಿಲ್ಲ. ಬಾಗಿಲಿನಷ್ಟು ಕಣ್ಣಿಗೆ ರೆಪ್ಪೆಯ ಕೂದಲು ಬರೆಯುವುದು ಕುಂಚದಿಂದಲೋ, ಕಸಬರಿಗೆಯಿಂದಲೋ? ಮಳೆ ಬಂದರೆ ಆ ಕಣ್ಣು ನೀರಾಗಿ ಇಳಿಯುತ್ತವೆಯೇ? ಊಟ ಬಿಡಬೇಡ. ಹನ್ನೊಂದು ಸಲ ಕೆರೆದೆ ಎಂದು ಓದಿ ನನಗೆ ಸಮಾಧಾನವಾಯಿತು. ಫೋಟೊ ನಿನ್ನ ಹತ್ತಿರವೇ ಇರಲಿ.

ಅಕ್ಕ


ಶಿಗ್ಗಾಂವಿ
೬ ಫೆಬ್ರವರಿ ೧೯೪೪

ಅಕ್ಕನಿಗೆ ಶರಣು.

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ಯುದ್ಧದಿಂದ ಕಾಗದವೂ ಇಲ್ಲ, ಬಣ್ಣವೂ ಇಲ್ಲ, ಬ್ಯಾನರಿನ ಕೆಲಸ ನಿಂತಿತು. ನಾನು ತಿರುಗಿ ಬಂದು ಆರು ತಿಂಗಳಾಯಿತು. ಹಾನಗಲ್ಲಿಗೆ ಮಾತ್ರ ಬಂದಿಲ್ಲ. ಬರಿಗೈಯಲ್ಲಿ ನಿನ್ನ ಎದುರಿಗೆ ನಿಲ್ಲಲು ಮನಸ್ಸಾಗಲಿಲ್ಲ.

ಈಗ ನಾನು ಮಾಡುವ ಕೆಲಸ ಕೇಳಿದರೆ ನಗುತ್ತೀ. ಶಿಗ್ಗಾಂವಿಯಲ್ಲಿ ಬೋರ್ಡು ಬರೆಯುತ್ತೇನೆ, ಮತ್ತು ಸತ್ತವರ ಕಣ್ಣು ತೆರೆಸುತ್ತೇನೆ. ಪೆಟ್ರೋಲಿಲ್ಲದೆ ಇದ್ದಲಿ ಹೊಗೆಯಿಂದ ಓಡುವ ಮೋಟಾರು ಹತ್ತಿ ಸವಣೂರು, ಹಿರೇಕೆರೂರು ಎಂದು ಸುತ್ತುತ್ತೇನೆ. ಎಲ್ಲರ ಮನೆಯಲ್ಲೂ ಅದೇ ಗೋಡೆಗೆ ಆನಿಸಿದ ಫೋಟೊ. ನಾನೀಗ ಮೊದಲಿನ ಹಾಗೆ ಚುಕ್ಕೆ ಇಟ್ಟು ಕೊಟ್ಟುಬಿಡುವುದಿಲ್ಲ, ಎಲ್ಲರನ್ನೂ ಕುಳಿತು ಕೇಳುತ್ತೇನೆ, ಕಣ್ಣು ಹೇಗಿದ್ದವು ಎಂದು. ಒಬ್ಬರಿಗೂ ಹೇಳಲು ಬರುವುದಿಲ್ಲ ಅಕ್ಕ. ಗಂಡಸರಿಗೂ ಇಲ್ಲ. ತಡಸದಲ್ಲಿ ಫಕ್ಕೀರಪ್ಪ ಎಂಬವರ ಮನೆಯಲ್ಲಿ ತಂದೆಯ ಪಟಕ್ಕೆ ಹೇಳಿದರು. ಮುದುಕರಿಗೆ ಇದ್ದದ್ದು ಒಂದೇ ಕಣ್ಣು ಎಂದು ಓಣಿಯವರಿಂದ ತಿಳಿಯಿತು. ಹೋಗಿ ಕೇಳಿದೆ. "ಖರೇ ಅದ. ಆದ್ರ ನೀವು ಎರಡೂ ಬರೀರಿ. ಅಪ್ಪ ಇದ್ದಾಗ ಒಂದ ಕಣ್ಣಿಂದ ಭಾಳ ತ್ರಾಸ ಪಟ್ಟಾನ" ಎಂದರು. ಹಿರೇಕೆರೂರಿನ ಒಬ್ಬ ಹೆಣ್ಣುಮಗಳು ಬಾಗಿಲ ಹಿಂದೆ ನಿಂತು, "ಸಿಟ್ಟ ಒಂದ ಬರೀಬ್ಯಾಡ್ರಿ" ಎಂದಳು. ಅಷ್ಟೇ ಅವಳು ಕೇಳಿದ್ದು.

ನಾನು ಹುಡುಕುತ್ತಿದ್ದೇನೆ. ಮಾಮಾನನ್ನು ಎದುರಿನಿಂದ ನೋಡಿದವರು ಯಾರಾದರೂ ಒಬ್ಬರು ಇರಬೇಕಲ್ಲ.

ಕುಬೇರಪ್ಪ


ಸವಣೂರು
೨೧ ಜನವರಿ ೧೯೪೬

ಅಕ್ಕನಿಗೆ ಶರಣು.

ಸಿಕ್ಕಳು. ಕುಳಿತುಕೊಂಡು ಓದು.

ಇಲ್ಲಿಯ ವೀಳ್ಯದೆಲೆಯ ಪೇಟೆಯಲ್ಲಿ ಮಾಬೂಬಿ ಎಂಬ ಮುದುಕಿ ಇದ್ದಾಳೆ. ಕೂಡುವುದು ಎಲೆ ಮಾರಲು, ಆದರೆ ಊರಿಗೆ ಅವಳ ಗುರುತು ಬೇರೆ. ಕಾಳಿನ ರಾಶಿಯ ಹೊಟ್ಟು, ಹತ್ತಿಯ ಎಳೆ, ರಸ್ತೆಯ ಧೂಳು, ಯಾರ ಕಣ್ಣಿಗೆ ಏನು ಬಿದ್ದರೂ ಅವಳ ಹತ್ತಿರ ಓಡುತ್ತಾರೆ. ಅವಳು ರೆಪ್ಪೆ ಎತ್ತಿ ಹಿಡಿದು ನಾಲಿಗೆಯ ತುದಿಯಿಂದ ಕಸ ತೆಗೆದುಬಿಡುತ್ತಾಳೆ. ನಿನ್ನೆ ಬೋರ್ಡು ಕೆರೆಯುವಾಗ ಒಣಗಿದ ಬಣ್ಣದ ಪುಡಿ ನನ್ನ ಕಣ್ಣಿಗೆ ಬಿತ್ತು, ನಾನೂ ಹೋದೆ. ತೆಗೆದು, "ಬಲಗಣ್ಣ ಸಣ್ಣದದ ನಿಂದು. ಗೊತ್ತದ ಏನು" ಎಂದಳು. ಕನ್ನಡಿ ಇಟ್ಟುಕೊಂಡು ನನ್ನ ಚಿತ್ರ ನಾನೇ ಬರೆದವನು, ನನಗೆ ಗೊತ್ತಿರಲಿಲ್ಲ.

ಅಲ್ಲಿಯೇ ನನಗೆ ಹೊಳೆಯಿತು. ನಾಲ್ಕು ಊರಿನ ಮಂದಿಯ ಕಣ್ಣನ್ನು ಬೊಗಸೆಯಲ್ಲಿ ಹಿಡಿದು ನೋಡಿದವಳು ಇವಳೊಬ್ಬಳೇ. ಚೀಲದಲ್ಲಿದ್ದ ಫೋಟೊಗಳನ್ನೆಲ್ಲ ಅವಳ ಎಲೆಯ ಬುಟ್ಟಿಯ ಪಕ್ಕ ಹರವಿದೆ. ಇವರದು ಬೆಕ್ಕಿನ ಕಣ್ಣು, ಇವರದು ಕೆಂಪಗಣ್ಣು ಎಂದು ಹೇಳುತ್ತ ಹೋದವಳು ಮಾಮಾನ ಫೋಟೊ ಕೈಗೆ ಎತ್ತಿಕೊಂಡಳು.

"ಇವ್ರು ಹಾನಗಲ್ಲ ಮಲ್ಲೇಶಪ್ಪ ಸಾವಕಾರ್ರಲ್ಲೇನು. ಸಂತಿಗೆ ಬಂದಾಗ ಎರಡ ಮೂರ ಸಲ ತಗದೇನಿ. ಮನ್ಯಾಗ ಗೊತ್ತಾದ್ರ ಅವ್ವ ಮಡಿ ಮೈಲಗಿ ಅಂತ ಕೂಗ್ಯಾಡ್ತಾಳ, ಯಾರ ಮುಂದೂ ಹೇಳಬ್ಯಾಡ ಅಂತಿದ್ರು. ಬೆಲ್ಲದ ಬಣ್ಣ ಕಣ್ಣು. ಎಡಗಣ್ಣಾಗ ಪಾಪಿ ಬಾಜೂಕ ಒಂದ ಕರೀ ಚುಕ್ಕಿ, ಸಾಸಿವಿಯಷ್ಟ."

ನೋಟ ಹೇಗಿತ್ತು ಎಂದು ಕೇಳಿದೆ.

"ನೋಟ ಎಲ್ಲಿ ಬಂತು. ನನ್ನ ಕಡೆ ನೋಡ್ರಿ ಅಂದ್ರ ಗ್ವಾಡಿ ಕಡೆ ನೋಡೋರು. ರೆಪ್ಪಿ ಹಿಡಕೊಂಡು ಕುಂತಾಗೂ ಪಾಪಿ ಮೂಲಿಗೆ ಓಡತಿತ್ತು. ಅಂಥಾ ನಾಚಗಿ ಸ್ವಭಾವ. ಮನ್ಯಾಗ ಹೇಣ್ತಿ ಮಾರಿನರ ನೋಡೀರೋ ಇಲ್ಲೋ ಅಂತ ಚಾಷ್ಟಿ ಮಾಡಿದೆ. 'ಇಲ್ಲವಾ, ಇನ್ನೂ ಧೈರ್ಯ ಆಗಿಲ್ಲ' ಅಂದ್ರು. ಲಗ್ನ ಆಗಿ ಎಷ್ಟ ವರ್ಷಾತು ಅಂತ ಕೇಳಿದೆ. 'ಎಂಟು' ಅಂದ್ರು."

ಅವಳು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಬರೆದಿದ್ದೇನೆ ಅಕ್ಕ.

ಕುಬೇರಪ್ಪ


ಹಾನಗಲ್ಲ
೩ ಮಾರ್ಚ್ ೧೯೪೬

ಕುಬೇರನಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎಂಟು ದಿನ ಕುಪ್ಪಸದಲ್ಲಿ ಇಟ್ಟುಕೊಂಡು ತಿರುಗಾಡಿದೆ. ಒಂಬತ್ತನೆಯ ದಿನ ಸಂಶಯ ಬಂತು. ಇಷ್ಟು ವರ್ಷ ಗಿರಾಕಿಗೆ ಬೇಕಾದ ಕಣ್ಣು ಬರೆದುಕೊಟ್ಟವನು ಅಕ್ಕನಿಗೆ ಬೇಕಾದ ಮಾತು ಬರೆದುಕೊಡಲಾರನೇ? ತಪ್ಪು ತಿಳಿಯಬೇಡ, ಒಮ್ಮೆ ಮೋಸ ಹೋದವಳು ನಾನು.

ಅದಕ್ಕೇ ಹತ್ತಿಮತ್ತೂರಿನ ಚಿಗವ್ವನ ಮನೆಗೆ ಎಂದು ಹೇಳಿ, ಕೆಲಸದ ನಾಗವ್ವನನ್ನು ಜೊತೆಗೆ ಕಟ್ಟಿಕೊಂಡು ಮೋಟಾರು ಹತ್ತಿದೆ. ನಡುವೆ ಸವಣೂರಿನಲ್ಲಿ ಇಳಿದೆವು. ನಾನು ಯಾರೆಂದು ಹೇಳದೆ, ಕಣ್ಣಿಗೆ ಕಸ ಬಿದ್ದಿದೆ ಎಂದು ಮಾಬೂಬಿಯ ಮುಂದೆ ಕುಳಿತೆ. ಅವಳು ಎರಡೂ ರೆಪ್ಪೆ ಎತ್ತಿ ನೋಡಿದಳು. "ಕಸ ಏನೂ ಇಲ್ಲಲ್ಲವಾ. ಯಾಕ ಬಂದೀ ಖರೇ ಹೇಳು" ಎಂದಳು. ಹಾನಗಲ್ಲಿನ ಸಾವಕಾರರ ಮಾತು ತೆಗೆದೆ. ನೀನು ಬರೆದದ್ದನ್ನೇ ಹೇಳಿದಳು, ಬೆಲ್ಲದ ಬಣ್ಣ, ಸಾಸಿವೆ, ಗೋಡೆ, ಎಲ್ಲ. ಧೈರ್ಯದ ಮಾತೂ ಹೇಳಿದಳು. ಆಗ ನಾನು, ಆ ಹೆಂಡತಿ ನಾನೇ ಎಂದೆ. ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಇಷ್ಟ ಗಿಡ್ಡ ಹೆಂಗಸಿಗೆ ಅಷ್ಟ ಎತ್ತರದ ಮನಶಾ ಅಂಜಿದ್ನೇನು" ಎಂದು ನಕ್ಕಳು. ನಾಗವ್ವನೂ ನಕ್ಕಳು. ಪೇಟೆಯ ನಡುವೆ ಕುಳಿತು ನಾನೂ ನಕ್ಕೆ.

ಬರುವಾಗ ಮೋಟಾರಿನಲ್ಲಿ ಒಂದು ಮಾತು ಹೊಳೆಯಿತು. ಕಲೆ ನೋಡಿ ಬೇಡವೆನ್ನಬೇಕಾದರೆ ಮೊದಲು ಮುಖ ನೋಡಬೇಕಲ್ಲ. ಅವರು ನೋಡಿಯೇ ಇರಲಿಲ್ಲ. ಹನ್ನೆರಡು ವರ್ಷ ಇಲ್ಲದ ಮುಳ್ಳನ್ನು ತಿಕ್ಕಿ ತಿಕ್ಕಿ ಹುಣ್ಣು ಮಾಡಿಕೊಂಡೆ ನೋಡು.

ಈಗ ಬರೆ. ಅವಸರ ಮಾಡಬೇಡ.

ಅಕ್ಕ
ವೀರವ್ವ


ಹಿರೇಕೆರೂರು
೧೮ ನವೆಂಬರ್ ೧೯೪೬

ಅಕ್ಕನಿಗೆ ಶರಣು.

ಎಂಟು ತಿಂಗಳು ಹಿಡಿಯಿತು. ಇದೇ ಕಾಗದ ತರುವ ಮಲ್ಲಿಗೆ ಹೂವಿನ ಗಾಡಿಯವರ ಕೈಯಲ್ಲಿ ಪಟ ಕಳಿಸಿದ್ದೇನೆ.

ಬಿಚ್ಚುವ ಮೊದಲು ಒಂದು ಮಾತು. ಇದರಲ್ಲಿ ಬಿಳಿ ಚುಕ್ಕೆ ಇಲ್ಲ. ಕೈ ಅದನ್ನು ಇಡಲು ಹೋದಾಗಲೆಲ್ಲ ಕುಂಚ ಕೆಳಗಿಟ್ಟು ಹೊರಗೆ ಹೋಗಿ ಬರುತ್ತಿದ್ದೆ. ಮಾಮಾ ಇದರಲ್ಲಿ ಎದುರಿಗೆ ನೋಡುವುದಿಲ್ಲ. ನೋಡಬೇಕು ಎಂದು ತಲೆ ತಿರುಗಿಸಿದ್ದಾರೆ, ಕಣ್ಣು ಮಾತ್ರ ಅಂಚಿಗೆ ಸರಿದಿವೆ. ಸವಣೂರಿಗೆ ಎರಡು ಸಲ ಹೊತ್ತು ಒಯ್ದು ಮಾಬೂಬಿಗೆ ತೋರಿಸಿದೆ. ಮೊದಲ ಸಲ, ಎಡಗಣ್ಣಿನ ಚುಕ್ಕಿ ಇನ್ನೊಂದು ಎಳೆ ಕೆಳಗೆ ಎಂದಳು. ಎರಡನೆಯ ಸಲ ಪಟವನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಇವ್ರೇ. ಈಗೂ ನಾಚಿಕೋತಾರ" ಎಂದಳು. ಇಲ್ಲಿ ಹಿರೇಕೆರೂರಿನ ಒಬ್ಬ ಗಿರಾಕಿ ಇದನ್ನು ಕಂಡು, "ಪಟ ಕೆಟ್ಟ ಹೋಗೇದಲ್ರಿ, ಮನಶಾ ಎದುರಿಗೆ ನೋಡವಲ್ಲ" ಎಂದು ಕನಿಕರ ಪಟ್ಟ.

ಸಾಲೆಯಲ್ಲಿ ಕಾಣುವುದನ್ನು ಬರೆ ಎಂದರು. ಛಾಪಖಾನೆಯಲ್ಲಿ ಮಂದಿಗೆ ಬೇಕಾದದ್ದನ್ನು ಬರೆ ಎಂದರು. ಎರಡನ್ನೂ ಮಾಡಿದೆ, ಎರಡನೆಯದರಿಂದ ಉಣ್ಣಲು ಸಿಕ್ಕಿತು, ನಾಳೆ ಮತ್ತೆ ಬೋರ್ಡೇ ಬರೆಯುತ್ತೇನೆ. ಈ ಒಂದು ಪಟ ಮಾತ್ರ ನಾನು ಕಂಡದ್ದೂ ಅಲ್ಲ, ಮಂದಿ ಬಯಸಿದ್ದೂ ಅಲ್ಲ. ಸಾಲೆ ಬಿಟ್ಟ ಮೇಲೆ ಮೊದಲ ಸಲ ಕೆಳಗೆ ನನ್ನ ಹೆಸರು ಬರೆದಿದ್ದೇನೆ.

ಹೋಲುತ್ತದೆಯೇ? ಖರೇ ಹೇಳು. ನೀನು ಅಲ್ಲ ಎಂದರೆ ಮತ್ತೆ ಕೆರೆಯುತ್ತೇನೆ.

ಕುಬೇರಪ್ಪ


ಹಾನಗಲ್ಲ
೭ ಜನವರಿ ೧೯೪೭

ಕುಬೇರನಿಗೆ ಆಶೀರ್ವಾದ.

ಪಟ ಮುಟ್ಟಿ ತಿಂಗಳ ಮೇಲಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕೈ ಬಿಡುವಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಅತ್ತೆಯವರು ನೋಡಿ, "ಇದೇನ ಹಿಂಗ ಬರದಾನ, ಆ ಕಡೆ ಯಾರ ಕರದಾರ ಇವನ್ನ" ಎಂದರು. ಅವರಿಗೆ ಪಡಸಾಲೆಯ ಹಳೆಯ ಪಟವೇ ಮಗ. ಇರಲಿ, ಅದು ಅವರಿಗೆ. ಇದನ್ನು ನನ್ನ ಕೋಣೆಯಲ್ಲಿ ಕಿಟಕಿಯ ಬೆಳಕು ಬೀಳುವಲ್ಲಿ ಹಾಕಿಸಿದ್ದೇನೆ.

ಹೋಲುತ್ತದೆಯೇ ಎಂದು ಕೇಳಿದ್ದೀ. ಅದನ್ನು ಹೇಳುವ ಅಧಿಕಾರ ನನಗೆಲ್ಲಿದೆ? ಹೇಳಬೇಕಾದವಳು ಹೇಳಿದ್ದಾಳೆ. ನನ್ನದು ಬೇರೆ.

ಮೊದಲ ದಿನ ಕೋಣೆಗೆ ಕಾಲಿಟ್ಟೊಡನೆ ಕೈ ತಾನೇ ಸೆರಗಿಗೆ ಹೋಯಿತು. ತಲೆ ತಗ್ಗಿಸಿ ನಿಂತೆ. ದಿನಾ ಹೀಗೇ ಆಯಿತು. ಒಳಗೆ ಹೋಗುವುದು, ನೆಲ ನೋಡಿಕೊಂಡು ನಿಲ್ಲುವುದು, ತಿರುಗಿ ಬರುವುದು. ಅವರಿಗೆ ಧೈರ್ಯ ಆಗಿರಲಿಲ್ಲ ಎಂದು ನಕ್ಕು ಬಂದವಳಿಗೆ ಪಟದ ಎದುರಿಗೂ ಧೈರ್ಯ ಬರಲಿಲ್ಲ.

ಮೊನ್ನೆ ಮಧ್ಯಾಹ್ನ ಅಲ್ಲಿ ಹಾಗೇ ನಿಂತಿದ್ದಾಗ ಒಂದು ಲೆಕ್ಕ ತಲೆಗೆ ಬಂತು. ಅವರು ಮೂವತ್ತೊಂದಕ್ಕೇ ನಿಂತುಬಿಟ್ಟರು. ನಾನು ನಡೆಯುತ್ತಲೇ ಬಂದೆ, ನನಗೀಗ ಮೂವತ್ತೇಳು. ಅಂದರೆ ಅವರಿಗಿಂತ ನಾನು ಆರು ವರ್ಷ ದೊಡ್ಡವಳು. ದೊಡ್ಡವರು ಸಣ್ಣವರ ಮುಖ ನೋಡಲು ಯಾರ ಅಪ್ಪಣೆ ಕೇಳಬೇಕು? ಸೆರಗನ್ನು ಹೆಗಲಿಗೆ ಇಳಿಸಿದೆ. ಬಾಗಿಲು ತೆರೆದೇ ಇತ್ತು, ಹೊರಗೆ ಅತ್ತೆ, ಆಳುಗಳು ಎಲ್ಲ ಓಡಾಡುತ್ತಿದ್ದರು. ಮಣೆ ಎಳೆದುಕೊಂಡು ಎದುರಿಗೆ ಕುಳಿತು ತಲೆ ಎತ್ತಿದೆ.

ಅವರಿನ್ನೂ ಹುಡುಗ, ಕುಬೇರ. ಮೀಸೆ ಬಿಟ್ಟ ಹುಡುಗ. ಕಿವಿಯವರೆಗೆ ನಾಚಿಕೊಂಡು ಕುಳಿತಿದ್ದಾನೆ. ಇಂಥವನಿಗೆ ಅಂಜಿ ಎಂಟು ವರ್ಷ ನೆಲ ನೋಡಿದೆನಲ್ಲ ಎಂದು ನಗು ಬಂತು, ಆಮೇಲೆ ಅಳು ಬಂತು. ಎರಡೂ ಮುಗಿಯುವವರೆಗೆ ನೋಡುತ್ತಲೇ ಇದ್ದೆ.

"ಮಲ್ಲೇಶಪ್ಪಾ, ಇತ್ಲಾಗ ನೋಡು" ಅಂದೆ.

ನೋಡಲಿಲ್ಲ. ಎಂದಾದರೂ ನೋಡುತ್ತಾನೆ. ನನಗೇನೂ ಅವಸರವಿಲ್ಲ.

ನಿನ್ನ ಅಕ್ಕ
ವೀರವ್ವ